ಚಿಕಿತ್ಸೆಗೆ ಬಿಚ್ಚುವ ಕೈ ಸಂಶೋಧನೆಗೂ ಬಿಚ್ಚಲಿ

ಮೂರು-ನಾಲ್ಕು ವರ್ಷದ ಹುಡುಗ ನೆಲದಿಂದ ಏಳುವಾಗ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ ತನ್ನ ಮೈಯನ್ನೇ ಹತ್ತಿದಂತೆ ಏಳುತ್ತಾನೆ. ಮೀನಖಂಡ ದಪ್ಪಗಿರುವುದರಿಂದ ಕಾಲಿಗೇನೂ ಆಗಿಲ್ಲ, ಬರೀ ಸೋಮಾರಿತನ ಎಂದು ಮನೆಯವರು ಸುಮ್ಮನಾಗುತ್ತಾರೆ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದರೆ ಡಿಎಂಡಿ, ಬಹಳಷ್ಟು ಮನೆಗಳಲ್ಲಿ ಹೀಗೇ ಶುರುವಾಗುತ್ತದೆ. ಸ್ನಾಯುಕೋಶಗಳನ್ನು ಕಾಪಾಡುವ ಡಿಸ್ಟ್ರೊಫಿನ್ ಪ್ರೋಟೀನ್ ಈ ಮಕ್ಕಳ ದೇಹದಲ್ಲಿ ತಯಾರಾಗುವುದಿಲ್ಲ. ಹನ್ನೆರಡರ ಆಸುಪಾಸಿನಲ್ಲಿ ಗಾಲಿಕುರ್ಚಿ, ಆಮೇಲೆ ಹೃದಯ ಮತ್ತು ಉಸಿರಾಟದ ತೊಂದರೆ. ಸದ್ಯ ಕೈಗೆಟಕುವುದು ಸ್ಟಿರಾಯ್ಡ್ ಮತ್ತು ಫಿಸಿಯೋಥೆರಪಿ ಮಾತ್ರ.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂದದ್ದು 2021ರಲ್ಲಿ. ಅದರಡಿ ಮುಂಬೈಗೆ ಗುರುತಾದ ಕೇಂದ್ರ ಪರೇಲಿನ ಕೆಇಎಂ ಆಸ್ಪತ್ರೆ. ಕಲ್ಯಾಣ, ಡೊಂಬಿವಲಿ, ಠಾಣೆಯಿಂದ ಸೆಂಟ್ರಲ್ ಲೈನಿನ ಲೋಕಲ್ ಹಿಡಿಯಬೇಕು. ನವಿ ಮುಂಬೈಯವರು ಕುರ್ಲಾದಲ್ಲಿ ಗಾಡಿ ಬದಲಿಸಬೇಕು. ಮೆಟ್ಟಿಲು ಹತ್ತಲಾರದ ಮಗುವಿನೊಂದಿಗೆ ಅದೇ ದೊಡ್ಡ ಸಾಹಸ. ಅಲ್ಲಿ ಸಿಗುವ ಸರ್ಕಾರಿ ನೆರವಿನ ಮಿತಿ 50 ಲಕ್ಷ ರೂಪಾಯಿ. ಡಿಎಂಡಿಯ ಹೊಸ ಔಷಧಗಳಿಗೆ ಒಂದು ಮಗುವಿಗೆ ವರ್ಷಕ್ಕೆ 2ರಿಂದ 3 ಕೋಟಿ ಬೇಕು.

ಉಳಿದ ದಾರಿ ಜನರ ಮುಂದೆ ಕೈಚಾಚುವುದು. ಸ್ನಾಯುಗಳನ್ನು ಸೊರಗಿಸುವ ನರರೋಗ ಎಸ್‌ಎಂಎ ಇದ್ದ ಮುಂಬೈಯ ಹಸುಗೂಸೊಂದರ 16 ಕೋಟಿಯ ಜೀನ್ ಥೆರಪಿಗಾಗಿ 2021ರಲ್ಲಿ ಜನ ಆನ್‌ಲೈನಿನಲ್ಲಿ ಕೋಟಿಗಟ್ಟಲೆ ಕೂಡಿಸಿದರು. ಕೇಂದ್ರ ಸರ್ಕಾರ ಆಮದು ತೆರಿಗೆಯನ್ನೂ ಬಿಟ್ಟಿತು. ದೊಡ್ಡ ಮನಸ್ಸಿನ ಕೆಲಸವೇ ಸರಿ. ಆದರೆ ಆ ಹಣ ಮುಗಿದಲ್ಲಿಗೆ ಮುಗಿಯಿತು. ಮುಂದಿನ ಮಗುವಿನ ಪೋಷಕರು ಮತ್ತೆ ಸೊನ್ನೆಯಿಂದಲೇ ಶುರುಮಾಡಬೇಕು.

ಪೋಷಕರೇ ಕಟ್ಟಿದ ಲ್ಯಾಬ್

ಬೆಂಗಳೂರಿನ ಕೆಲವು ಪೋಷಕರು ಬೇರೆ ಬಗೆಯಲ್ಲಿ ಯೋಚಿಸಿದರು. 2012ರಲ್ಲಿ ಅವರು ಕಟ್ಟಿದ ಡಿಸ್ಟ್ರೊಫಿ ಅನಿಹಿಲೇಷನ್ ರಿಸರ್ಚ್ ಟ್ರಸ್ಟ್, ಅಂದರೆ ಡಾರ್ಟ್, ಡಿಎಂಡಿಗಾಗಿಯೇ ಲ್ಯಾಬ್ ಇಟ್ಟುಕೊಂಡಿತು. ಐಐಟಿ ಜೋಧಪುರ ಮತ್ತು ಅಲ್ಲಿನ ಏಮ್ಸ್ ಜೊತೆಗೂಡಿದವು.

ಕಂಪನಿಗಳು ಇರುವಾಗ ಪೋಷಕರಿಗೇಕೆ ಈ ಉಸಾಬರಿ? ಡಿಸ್ಟ್ರೊಫಿನ್ ಜೀನಿನಲ್ಲಿ ಎಕ್ಸಾನ್ ಎಂಬ 79 ತುಣುಕುಗಳಿವೆ. ಯಾವ ತುಣುಕು ಕೈಕೊಟ್ಟಿದೆ ಎಂಬುದು ಎಲ್ಲ ಮಕ್ಕಳಲ್ಲೂ ಒಂದೇ ಅಲ್ಲ. ಪಕ್ಕದ ತುಣುಕನ್ನು ದಾಟಿಸಿ, ಗಿಡ್ಡಗಾದರೂ ಕೆಲಸಕ್ಕೆ ಬರುವ ಪ್ರೋಟೀನ್ ತಯಾರಾಗುವಂತೆ ಮಾಡುವುದು ಎಕ್ಸಾನ್ ಸ್ಕಿಪ್ಪಿಂಗ್. 51ನೇ ಎಕ್ಸಾನಿನ ಔಷಧ ಒಗ್ಗುವುದು ನೂರರಲ್ಲಿ ಸುಮಾರು 13 ಮಕ್ಕಳಿಗೆ. ಉಳಿದವರಿಗೆ ಬೇರೆ ಬೇರೆ ಅಣುಗಳು ಬೇಕು. ಬೆರಳೆಣಿಕೆಯ ಗಿರಾಕಿಗಳಿರುವ ಔಷಧಕ್ಕೆ ಯಾವ ಕಂಪನಿ ಬಂಡವಾಳ ಹೂಡೀತು?

ದಾನಕ್ಕೊಂದು ಷರತ್ತು

ಇಂಥ ಸಂಶೋಧನೆಗೆ ದುಡ್ಡು ಕೊಟ್ಟುಬಿಟ್ಟರೆ ಸಾಲದು. ಎಸ್‌ಎಂಎಯ ರಿಸ್ಡಿಪ್ಲಾಮ್ ಔಷಧವನ್ನು ರೋಶ್ ಕಂಪನಿಯೊಂದಿಗೆ ರೂಪಿಸಿದವರಲ್ಲಿ ಅಮೆರಿಕದ ಪೋಷಕರು ಕಟ್ಟಿದ ಎಸ್‌ಎಂಎ ಫೌಂಡೇಷನ್ನೂ ಒಂದು. ಆದರೂ ಭಾರತದಲ್ಲಿ ಒಂದು ಬಾಟಲಿಗೆ ಸುಮಾರು 6 ಲಕ್ಷ ರೂಪಾಯಿ ಆಯಿತು. ರೋಶ್‌ನ ಪೇಟೆಂಟ್ ಮೇಲ್ಮನವಿಯನ್ನು 2025ರ ಅಕ್ಟೋಬರಿನಲ್ಲಿ ದಿಲ್ಲಿ ಹೈಕೋರ್ಟ್ ತಳ್ಳಿಹಾಕಿದ ಮೇಲೆ ಹೈದರಾಬಾದಿನ ನ್ಯಾಟ್ಕೊ ಅದೇ ಔಷಧವನ್ನು 15,900 ರೂಪಾಯಿಗೆ ಮಾರುಕಟ್ಟೆಗೆ ತಂದಿತು. ದಾನ ಔಷಧ ಹುಟ್ಟಿಸಬಹುದು. ಬೆಲೆಯ ಮಾತನ್ನು ಮೊದಲೇ ಆಡದಿದ್ದರೆ ಆ ಔಷಧ ಡೊಂಬಿವಲಿಯ ಸಂಬಳದಾರನ ಮನೆ ತಲುಪುವುದಿಲ್ಲ.

ಮುಂಬೈ, ಠಾಣೆ, ಡೊಂಬಿವಲಿಯ ಕನ್ನಡಿಗರಿಗೆ ಸಹಾಯಾರ್ಥ ಯಕ್ಷಗಾನ, ವಿದ್ಯಾರ್ಥಿವೇತನ, ವೈದ್ಯಕೀಯ ನೆರವು ಯಾವುದೂ ಹೊಸದಲ್ಲ. ಹೀಗೆ ಎತ್ತಿದ ದೇಣಿಗೆಯಲ್ಲಿ ಒಂದು ಪಾಲನ್ನು ಸಂಶೋಧನೆಗೆಂದು ಎತ್ತಿಡಬಹುದು. ಕೊಡುವ ಮುನ್ನ ಮೂರು ಪ್ರಶ್ನೆ ಕೇಳಬೇಕು: ಪ್ರಯೋಗವು ದೇಶದ ಔಷಧ ಪ್ರಯೋಗಗಳ ದಾಖಲೆಪಟ್ಟಿಯಾದ ಸಿಟಿಆರ್‌ಐಯಲ್ಲಿ ನೋಂದಣಿಯಾಗಿದೆಯೇ? ಲೆಕ್ಕಪತ್ರ ತೋರಿಸುತ್ತೀರಾ? ಔಷಧ ಗೆದ್ದರೆ ಬೆಲೆ ನಿಗದಿ ಮಾಡುವವರು ಯಾರು? ಪ್ರಯೋಗದಲ್ಲಿ ಸೇರಿಸಿಕೊಳ್ಳಲು ರೋಗಿಯಿಂದಲೇ ಹಣ ಕೇಳಿದರೆ ಅಲ್ಲಿಂದ ಎದ್ದು ಬರಬೇಕು. ಮೂರನೆಯ ಪ್ರಶ್ನೆಗೆ ಉತ್ತರವನ್ನು ಬರಹದಲ್ಲೇ ಪಡೆಯಬೇಕು.