ಗಾಳಿಯ ಬಿಯರ್, ಗಾಳಿಸುದ್ದಿಯ ಚರಿತ್ರೆ

ಬ್ರಸೆಲ್ಸ್‌ನ ಆಂಡರ್‌ಲೆಕ್ಟ್ ಬಡಾವಣೆಯಲ್ಲಿ ಕಾಂಟಿಯೋನ್ ಎಂಬ ಪುಟ್ಟ ಬ್ರೂವರಿ ಇದೆ. ಶುರುವಾದದ್ದು 1900ರಲ್ಲಿ. ಅದರ ಅಟ್ಟದಲ್ಲಿ, ಹೆಂಚಿನ ಮಾಡಿನ ಕೆಳಗೆ, ತಾಮ್ರದ ಒಂದು ತೊಟ್ಟಿ ಹಾಸಿದಂತೆ ಕೂತಿದೆ: ಅಗಲ ಬಹಳ, ಆಳ ಕಡಿಮೆ. ಚಳಿಗಾಲದಲ್ಲಿ ಬಾರ್ಲಿ ಮಾಲ್ಟ್ ಮತ್ತು ಹಸಿ ಗೋಧಿಯಿಂದ ತೆಗೆದ ರಸವನ್ನು ಗಂಟೆಗಟ್ಟಲೆ ಕುದಿಸಿ, ಸಂಜೆ ಹೊತ್ತಿಗೆ ಈ ತೊಟ್ಟಿಗೆ ಬಿಡುತ್ತಾರೆ. ಒಂದು ಸಲಕ್ಕೆ ಸುಮಾರು 7,500 ಲೀಟರ್. ಗೋಡೆಯ ಕಿಂಡಿಗಳನ್ನು ತೆರೆದಿಟ್ಟು ಎಲ್ಲರೂ ಮಲಗಲು ಹೋಗುತ್ತಾರೆ. ಬೆಳಗ್ಗೆ ಆರಿದ ರಸವನ್ನು ಮರದ ಪೀಪಾಯಿಗಳಿಗೆ ತುಂಬುತ್ತಾರೆ. ಯೀಸ್ಟನ್ನು ಯಾರೂ ಹಾಕುವುದಿಲ್ಲ. ಆದರೂ ಕೆಲವು ದಿನಗಳಲ್ಲಿ ಪೀಪಾಯಿಯ ಬಾಯಿಂದ ನೊರೆ ಉಕ್ಕುತ್ತದೆ. ಮಾಡಿನ ಜೇಡರ ಬಲೆಗಳನ್ನೂ ಇಲ್ಲಿ ಗುಡಿಸುವುದಿಲ್ಲ. ಹಣ್ಣಿನ ನೊಣಗಳನ್ನು ಹಿಡಿಯಲು ಜೇಡಗಳು ಬೇಕು.

ಇದು ಲ್ಯಾಂಬಿಕ್. ಹುಳಿ ಬಿಯರ್, ನೊರೆ ಇಲ್ಲವೆನ್ನುವಷ್ಟು ಕಡಿಮೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿದರೆ ಅದು ಗೂಜ್. ಎಳೆಯದರಲ್ಲಿ ಉಳಿದಿರುವ ಸಕ್ಕರೆ ಬಾಟಲಿಯೊಳಗೇ ಹುದುಗಿ, ಶಾಂಪೇನ್‌ನಂತೆ ಗುಳ್ಳೆ ಏಳಿಸುತ್ತದೆ. ಹುಳಿ ಚೆರ್ರಿ ಹಾಕಿ ನೆನೆಸಿದರೆ ಕ್ರೀಕ್.

ಇಂಥ ಪಾನೀಯಕ್ಕೆ ಸ್ಥಳಪುರಾಣ ಹುಟ್ಟದೇ ಇರುತ್ತದೆಯೇ? ಬ್ರಸೆಲ್ಸ್‌ನ ಸೆನ್ ನದಿಯ ಕಣಿವೆಯ ಗಾಳಿಯಲ್ಲಿ ಮಾತ್ರ ಇದನ್ನು ಹುದುಗಿಸುವ ಅದೃಶ್ಯ ಜೀವಿಗಳಿವೆ. ಪಕ್ಕದ ಪಾಯೊಟನ್‌ಲ್ಯಾಂಡ್ ಎಂಬ ಹಳ್ಳಿಗಾಡಿನ ರೈತರು ಇದನ್ನು ಮಧ್ಯಯುಗದಿಂದ ಮಾಡುತ್ತಾ ಬಂದಿದ್ದಾರೆ. 16ನೆಯ ಶತಮಾನದ ಚಿತ್ರಕಾರ ಬ್ರೂಗೆಲ್‌ನ ರೈತ ಮದುವೆಯ ಊಟದಲ್ಲಿ ಹೂಜಿಗೆ ಸುರಿಯುತ್ತಿರುವುದು ಲ್ಯಾಂಬಿಕ್ಕೇ. ಹೀಗೆ ಸಾಗುತ್ತದೆ ಪುರಾಣ. ಅದಕ್ಕೊಂದು ದಾಖಲೆಯೂ ಇದೆ. ಹಾಲೆ ಎಂಬ ಪಟ್ಟಣದ 1559ರ ಒಂದು ಕಾಗದದಲ್ಲಿ, ಬಿಯರ್ ಮಾಡುವಾಗ 16 ಅಳತೆ ಧಾನ್ಯದಲ್ಲಿ 6 ಅಳತೆ ಗೋಧಿ ಇರಬೇಕು ಎಂದಿದೆ. ಇಂದಿನ ಲ್ಯಾಂಬಿಕ್‌ನಲ್ಲೂ ಗೋಧಿಯ ಪಾಲು ಮೂರನೇ ಒಂದಕ್ಕಿಂತ ತುಸು ಹೆಚ್ಚು. ಸರಿ, ನಾನೂರೈವತ್ತು ವರ್ಷದ ಪರಂಪರೆ ಸಿದ್ಧವಾಯಿತು.

ಈ ಕಾಗದವನ್ನು ಮತ್ತೆ ಕೈಗೆತ್ತಿಕೊಂಡವರಲ್ಲಿ ಹವ್ಯಾಸಿಗಳ ಪಾಲು ದೊಡ್ಡದು. ಲ್ಯಾಂಬಿಕ್‌ನ ಹುಚ್ಚು ಹತ್ತಿದವರಿಗೆ ಕುಡಿಯುವುದಷ್ಟೇ ಸಾಲುವುದಿಲ್ಲ. ಹಳೆಯ ಲೇಬಲ್, ಬಿರಡೆ, ರಸೀದಿ, ಮುಚ್ಚಿಹೋದ ಬ್ರೂವರಿಯ ಲೆಕ್ಕದ ಪುಸ್ತಕ, ಎಲ್ಲವೂ ಬೇಕು. ಬೆಲ್ಜಿಯಂನ ರಾಜ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಡಿಜಿಟಲ್ ಮಾಡಿದ ಮೇಲೆ, ಹರಾಜು ಪ್ರಕಟಣೆ ಮತ್ತು ಹೋಟೆಲಿನ ಜಾಹೀರಾತುಗಳನ್ನು ಸಾಲು ಸಾಲಾಗಿ ಓದುವವರು ಹುಟ್ಟಿಕೊಂಡರು. ಅವರು ಕೇಳಿದ್ದು ಸರಳ ಪ್ರಶ್ನೆ: 1559ರ ಕಾಗದದಲ್ಲಿ ಲ್ಯಾಂಬಿಕ್ ಎಂಬ ಹೆಸರು ಎಲ್ಲಿದೆ? ತಾನಾಗಿ ಹುದುಗುವ ಮಾತು ಎಲ್ಲಿದೆ? ಎರಡೂ ಇಲ್ಲ. ಗೋಧಿ ಹಾಕಿದ ಬಿಯರ್ ಅಂದು ಆ ಸೀಮೆಯಲ್ಲೆಲ್ಲ ಸಾಮಾನ್ಯ. ಲ್ಯಾಂಬಿಕ್‌ನ ಹೆಸರು ದಾಖಲೆಗಳಲ್ಲಿ ತಲೆ ಎತ್ತುವುದು 18ನೆಯ ಶತಮಾನ ಮುಗಿಯುತ್ತಾ ಬಂದಾಗ. ಇದನ್ನು ಬೆನ್ನುಹತ್ತಿ ಪುಸ್ತಕವನ್ನೇ ಬರೆದ ರಾಫ್ ಮೇರ್ಟ್ ಅವರ ವಾದದಲ್ಲಿ ಇದು ಹಳ್ಳಿಯ ಬಿಯರೇ ಅಲ್ಲ, ಬ್ರಸೆಲ್ಸ್ ನಗರದ್ದು. ಪರಂಪರೆಯ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯಿತು. ನನಗಂತೂ ಈ ಕಿರಿಯ ಲ್ಯಾಂಬಿಕ್ಕೇ ಹೆಚ್ಚು ಇಷ್ಟ. ಏಕೆಂದರೆ ಅದಕ್ಕೆ ಕಾರಣಗಳಿವೆ, ಪುರಾಣಕ್ಕೆ ಇರಲಿಲ್ಲ.

ಸುಂಕವನ್ನೇ ನೋಡಿ. ಬೆಲ್ಜಿಯಂ ಇನ್ನೂ ಡಚ್ ದೊರೆಯ ಕೈಯಲ್ಲಿದ್ದಾಗ, 1822ರ ಕಾಯಿದೆ ಬಿಯರಿನ ತೆರಿಗೆಯನ್ನು ಧಾನ್ಯ ಕಲಸುವ ಪಾತ್ರೆಯ ಗಾತ್ರದ ಮೇಲೆ ಹೇರಿತು. ಎಷ್ಟು ಬಿಯರ್ ಬಂತು ಎಂಬುದು ಲೆಕ್ಕಕ್ಕಿಲ್ಲ. ಆಗ ಯಾರಾದರೂ ಮಾಡುವುದೇನು? ಸಣ್ಣ ಪಾತ್ರೆಗೆ ಧಾನ್ಯ ತುರುಕುವುದು. ಲ್ಯಾಂಬಿಕ್‌ನವರು ಇಂದಿಗೂ ಬಿಸಿನೀರನ್ನು ಕಂತು ಕಂತಾಗಿ ಹಾಕಿ, ಹಾಲಿನಂತೆ ಕದಡಿದ ಪಿಷ್ಟದ ನೀರನ್ನು ತೆಗೆದು ಬೇರೆ ಕಡೆ ಕಾಯಿಸುತ್ತಾರಲ್ಲ, ಆ ಕ್ರಮಕ್ಕೆ ಈ ಇಕ್ಕಟ್ಟು ಚೆನ್ನಾಗಿ ಒಗ್ಗುತ್ತಿತ್ತು. ಹೀಗೆ ಬಂದ ರಸದಲ್ಲಿ ಸಾಮಾನ್ಯ ಯೀಸ್ಟಿಗೆ ಅರಗದ ಉದ್ದುದ್ದ ಸಕ್ಕರೆ ಸರಪಣಿಗಳು ಉಳಿಯುತ್ತವೆ. ಪೀಪಾಯಿಯಲ್ಲಿ ಮೂರು ವರ್ಷ ಬದುಕಬೇಕಾದ ಜೀವಿಗಳಿಗೆ ಅದೇ ಬುತ್ತಿ. ಸುಂಕದ ಕಾಯಿದೆಗೂ ಸೂಕ್ಷ್ಮಜೀವಿಗೂ ಹೀಗೊಂದು ನಂಟು. ಜಾರ್ಜ್ ಲಾಕಾಂಬ್ರ್ 1851ರಲ್ಲಿ ಬೆಲ್ಜಿಯಂನ ಬಿಯರ್‌ಗಳ ಬಗ್ಗೆ ಬರೆದ ಭಾರಿ ಗ್ರಂಥ ಲ್ಯಾಂಬಿಕ್ ಮಾಡುವ ವಿಧಾನವನ್ನು ವಿವರಿಸುವುದರಿಂದ, ಇಂದಿನವರು ತಮ್ಮ ಕೆಲಸವನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಬಹುದು.

ಇನ್ನು ಬಾಟಲಿಗಳು. ಹಳೆಯ ಗೂಜ್ ಬಾಟಲಿಗೆ ಎಷ್ಟೋ ಸಲ ಲೇಬಲ್ಲೇ ಇರುತ್ತಿರಲಿಲ್ಲ. ಮೈಮೇಲೆ ಸುಣ್ಣದ ಒಂದು ಬಿಳಿ ಗೆರೆ, ಅಷ್ಟೇ. ನೆಲಮಾಳಿಗೆಯಲ್ಲಿ ಅಡ್ಡ ಮಲಗಿಸಿದ ಬಾಟಲಿಯನ್ನು ಎತ್ತಿ ಇನ್ನೊಂದು ಕಡೆ ಇಡುವಾಗ, ತಳದ ಗಷ್ಟು ಕದಡದ ಹಾಗೆ ಮೇಲ್ಮುಖ ಯಾವುದು ಎಂದು ತೋರಿಸಲು ಆ ಗೆರೆ. ಯಾರದು, ಯಾವ ವರ್ಷದ್ದು ಎಂದು ತಿಳಿಯಲು ಬಿರಡೆಯ ಮುದ್ರೆಯನ್ನೇ ನೋಡಬೇಕು. ಅದಕ್ಕೇ ಬಿರಡೆ ಕೂಡಿಡುವವರ ಡಬ್ಬಿಗಳು ಚರಿತ್ರೆಗೆ ಬೇಕಾಗುತ್ತವೆ. ಗೂಜ್ ದಶಕಗಟ್ಟಲೆ ಕೆಡುವುದೂ ಇಲ್ಲ. ಕೆಲವು ತಯಾರಕರು ಬಳಕೆಯ ಕೊನೆಯ ದಿನಾಂಕವನ್ನು 20 ವರ್ಷ ಮುಂದಕ್ಕೆ ಹಾಕುತ್ತಾರೆ.

ಕಾಗದದವರು ಕಾಲವನ್ನು ಸರಿಪಡಿಸುತ್ತಿದ್ದರೆ, ಪ್ರಯೋಗಾಲಯದವರು ಗಾಳಿಯ ಕಥೆಯನ್ನು ಪರೀಕ್ಷಿಸುತ್ತಿದ್ದರು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್‌ನಲ್ಲಿ ಕ್ಲಾಸೆನ್ ಎಂಬಾತ 1904ರಲ್ಲಿ ಇಂಗ್ಲೆಂಡಿನ ಹಳೆಯ ಬಿಯರಿನಿಂದ ನಿಧಾನಗತಿಯ ಒಂದು ಯೀಸ್ಟನ್ನು ಬೇರ್ಪಡಿಸಿ ಬ್ರೆಟಾನೊಮೈಸಿಸ್ ಎಂದು ಹೆಸರಿಟ್ಟ. ಅದರ ಬಂಧುಗಳು 1921ರಲ್ಲಿ ಲ್ಯಾಂಬಿಕ್‌ನಲ್ಲೂ ಸಿಕ್ಕವು. ಈ ಬಿಯರಿಗೆ ಬರುವ ಕುದುರೆ ಲಾಯದ, ಹಳೆ ಚರ್ಮದ ವಾಸನೆ ಇದರದ್ದೇ. ಓದುವಾಗ ಮೂಗು ಮುರಿಯಬೇಡಿ, ಅಭ್ಯಾಸವಾದವರಿಗೆ ಅದೇ ಪರಿಮಳ.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದೇ ಬ್ರೂವರಿಯ ಪೀಪಾಯಿಗಳನ್ನು ಎರಡು ವರ್ಷ ಹಿಂಬಾಲಿಸಿತು. ಮೊದಲ ತಿಂಗಳು ದರ್ಬಾರು ಕರುಳಿನ ಬ್ಯಾಕ್ಟೀರಿಯಾಗಳ ಬಳಗದ್ದು. ಆ ಹಂತದಲ್ಲಿ ರಸ ಬಾಯಿಗಿಡುವಂಥದ್ದಲ್ಲ. ಆಲ್ಕೊಹಾಲ್ ಮತ್ತು ಹುಳಿ ಏರಿದಂತೆ ಅವು ಸಾಯುತ್ತವೆ. ಎರಡನೇ ತಿಂಗಳ ಹೊತ್ತಿಗೆ ಸಾಮಾನ್ಯ ಬಿಯರ್ ಯೀಸ್ಟ್ ಮತ್ತು ಹುಳಿ ತರುವ ಪೀಡಿಯೊಕಾಕಸ್ ಮುಂದೆ ಬರುತ್ತವೆ. ಆರು ತಿಂಗಳಾಗುವಷ್ಟರಲ್ಲಿ ಬ್ರೆಟಾನೊಮೈಸಿಸ್. ನಡುವೆ ಎಷ್ಟೋ ಸಲ ಬಿಯರ್ ಲೋಳೆಯಾಗಿ ಎಣ್ಣೆಯಂತೆ ಸುರಿಯುತ್ತದೆ. ಅದು ಪೀಡಿಯೊಕಾಕಸ್ ಉಗುಳಿದ ಅಂಟು. ಬಿಯರಿಗೆ ಕಾಯಿಲೆ ಬಂದಿದೆ ಎಂದು ಹೇಳಿ, ಕೆಲಸದವರು ಚೆಲ್ಲದೆ ಸುಮ್ಮನಿರುತ್ತಾರೆ. ತಿಂಗಳುಗಳು ಕಳೆದ ಮೇಲೆ ಬ್ರೆಟಾನೊಮೈಸಿಸ್ ಆ ಅಂಟನ್ನೂ ತಿಂದು ಮುಗಿಸುತ್ತದೆ. ಎರಡು ಮೂರು ವರ್ಷ ಹಳೆಯದಾದ ಹಾಪ್ಸ್ ಎಂಬ ಕಹಿ ಹೂಗಳನ್ನು ಹಾಕುವುದೂ ಈ ಸರದಿಯನ್ನು ಕಾಯಲೆಂದೇ: ಕಹಿ ಹೆಚ್ಚಾಗಬಾರದು, ಬೇಡದ ಬ್ಯಾಕ್ಟೀರಿಯಾ ತಡೆಯುವ ಗುಣ ಉಳಿಯಬೇಕು.

ಈ ಜೀವಿಗಳೆಲ್ಲ ಸೆನ್ ಕಣಿವೆಯ ಗಾಳಿಯಿಂದಲೇ ಇಳಿದವೇ? ಅಮೆರಿಕದಲ್ಲಿ ಇದೇ ಬಗೆಯ ತೊಟ್ಟಿಯಿಟ್ಟು ಮಾಡಿದ ಬಿಯರನ್ನು ಪರೀಕ್ಷಿಸಿದ 2012ರ ಅಧ್ಯಯನದಲ್ಲಿ ಹೆಚ್ಚುಕಡಿಮೆ ಇದೇ ಸರದಿ ಕಂಡಿತು. ಅಲ್ಲಿ ಯಾವ ಸೆನ್ ನದಿಯೂ ಇಲ್ಲ. ಆ ಸಂಶೋಧಕರು ಬೆರಳು ತೋರಿಸಿದ್ದು ಬ್ರೂವರಿಯೊಳಗೇ ನೆಲೆಸಿದ ಜೀವಿಗಳ ಕಡೆಗೆ. ಮುಂದೆ ಬ್ರಸೆಲ್ಸ್‌ನವರೇ ತೊಳೆದಿಟ್ಟ ಪೀಪಾಯಿಗಳ ಒಳಮೈಯನ್ನು ಪರೀಕ್ಷಿಸಿದಾಗ, ಮರದಲ್ಲಿ ಹುದುಗಿಗೆ ಬೇಕಾದ ಬ್ಯಾಕ್ಟೀರಿಯಾ, ಯೀಸ್ಟ್‌ಗಳು ಜೀವಂತವಾಗಿ ಕೂತಿದ್ದವು. ಮೊಸರಿನ ಮಡಕೆಯ ಒಳಗೆ ನಿನ್ನೆಯ ಹೆಪ್ಪು ಅಂಟಿ ಉಳಿದಂತೆ, ಹೋದ ಬಾರಿಯ ಲ್ಯಾಂಬಿಕ್ ಈ ಸಲದ್ದಕ್ಕೆ ಹೆಪ್ಪು ಹಾಕುತ್ತದೆ. ರಾತ್ರಿಯ ಗಾಳಿಗೂ ಪಾಲಿದೆ, ಆದರೆ ಎಲ್ಲವೂ ಅದರದ್ದಲ್ಲ. ಅಂದಹಾಗೆ, ಪವಾಡದ ಆ ನದಿ ನಗರದ ಕೊಳಚೆ ಹೊತ್ತು ನಾರುತ್ತಿದ್ದ ಕಾರಣ 1867ರಿಂದ 1871ರ ನಡುವೆ ಬ್ರಸೆಲ್ಸ್‌ನವರು ಅದಕ್ಕೆ ಕಮಾನು ಕಟ್ಟಿ ಮುಚ್ಚಿಬಿಟ್ಟರು. ಮೇಲೆ ಈಗ ದೊಡ್ಡ ರಸ್ತೆಗಳು.

ಗಾಳಿಯ ಜೀವಿಗಳಿಗಿಂತ ಗಾಳಿಯ ತಂಪು ಮುಖ್ಯ ಎನ್ನಬೇಕು. ರಾತ್ರಿ ಸಾಕಷ್ಟು ಚಳಿ ಇಲ್ಲದಿದ್ದರೆ ರಸ ನಿಧಾನವಾಗಿ ಆರಿ ಕೆಟ್ಟ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಅದಕ್ಕೇ ಈ ಕೆಲಸ ಅಕ್ಟೋಬರ್ ಸುಮಾರಿಗೆ ಶುರುವಾಗಿ ಏಪ್ರಿಲ್‌ಗೆ ಮುಗಿಯುತ್ತಿತ್ತು. 2015ರ ನವೆಂಬರಿನಲ್ಲಿ ಕಾಂಟಿಯೋನ್‌ನವರು ಸೆಕೆ ಹೆಚ್ಚೆಂದು ಕೆಲಸ ನಿಲ್ಲಿಸಬೇಕಾಯಿತು. ಅಜ್ಜಂದಿರು ಯಾವ ದಿನ ತೊಟ್ಟಿ ತುಂಬಿದರು, ಯಾವ ವಾರ ನಿಲ್ಲಿಸಿದರು ಎಂಬ ಹಳೆಯ ದಿನಚರಿಗಳನ್ನು ಈಗ ಚರಿತ್ರೆಯ ಹವ್ಯಾಸಿಗಳಷ್ಟೇ ಅಲ್ಲ, ಹವಾಮಾನ ಅಳೆಯುವವರೂ ಕೇಳಿಕೊಂಡು ಬರಲು ಕಾರಣವಿದೆ.