ಕಾರಿನ ಚಕ್ರಕ್ಕೆ ಕಚ್ಚಿಕೊಂಡ ಬ್ರೇಕಿನ ತಟ್ಟೆಯನ್ನು ಮನೆಯಲ್ಲಿಯೇ ಬಿಡಿಸುವ ಕ್ರಮ

ಗೃಹಸ್ಥನಾದವನು ತನ್ನ ಮನೆಯಲ್ಲಿ ದಿನನಿತ್ಯ ಉಪಯೋಗಕ್ಕೆ ಬರುವ ಯಂತ್ರಗಳ ಸ್ವರೂಪವನ್ನು ಸ್ವಲ್ಪಮಟ್ಟಿಗಾದರೂ ತಿಳಿದುಕೊಂಡಿರಬೇಕೆಂಬುದು ನಿರ್ವಿವಾದವಾದ ಮಾತು. ಹಿಂದಿನವರು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವುದನ್ನೂ ಕಡಾಣಿಯನ್ನು ಪರೀಕ್ಷಿಸುವುದನ್ನೂ ಮನೆಯ ಹುಡುಗರಿಗೆಲ್ಲ ಕಲಿಸುತ್ತಿದ್ದರು. ಈಗ ಗಾಡಿಯ ಸ್ಥಾನಕ್ಕೆ ಕಾರು ಬಂದಿದೆ. ಆದರೆ ಅದರ ಚಕ್ರದ ಹಿಂದೆ ಏನಿದೆಯೆಂದು ಬಗ್ಗಿ ನೋಡಿದವರು ವಿರಳ. ಹೆಂಡಿರು ಮಕ್ಕಳನ್ನು ಕುಳ್ಳಿರಿಸಿಕೊಂಡು ಘಾಟಿಯನ್ನಿಳಿಯುವಾಗ ನಮ್ಮೆಲ್ಲರ ಪ್ರಾಣಗಳು ಯಾವ ಒಂದು ಕಬ್ಬಿಣದ ತಟ್ಟೆಯನ್ನು ಆಶ್ರಯಿಸಿಕೊಂಡಿರುವುವೋ ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ಇಲ್ಲಿ ಬರೆಯಬೇಕೆಂದಿದ್ದೇವೆ.

ತಟ್ಟೆಯ ಸ್ವರೂಪ

ಕಾರಿನ ಬ್ರೇಕು ಎರಡು ವಿಧ. ಒಂದು ಡೋಲಿನ ಆಕಾರದ ಡ್ರಮ್ಮು. ಇನ್ನೊಂದು ತಟ್ಟೆಯಾಕಾರದ ಡಿಸ್ಕು. ಈ ತಟ್ಟೆಗೆ ರೋಟರ್ ಎಂಬ ಹೆಸರೂ ಉಂಟು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಶಿಲ್ಪಿಯು 1902ನೆಯ ಇಸವಿಯಲ್ಲಿಯೇ ತಟ್ಟೆಯ ಬ್ರೇಕಿಗೆ ಪೇಟೆಂಟು ಪಡೆದಿದ್ದನು. ಆದರೂ ಅದು ಬಹುಕಾಲ ಬಳಕೆಗೆ ಬರಲಿಲ್ಲ. 1953ರಲ್ಲಿ ಫ್ರಾನ್ಸ್ ದೇಶದ ಲ ಮಾನ್ ಎಂಬಲ್ಲಿ ನಡೆದ ಇಪ್ಪತ್ತುನಾಲ್ಕು ತಾಸಿನ ಪಂದ್ಯವನ್ನು ತಟ್ಟೆಯ ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದ ಮೇಲೆ ಲೋಕದ ಕಣ್ಣು ಅದರ ಕಡೆಗೆ ತಿರುಗಿತು. ನಮ್ಮ ದೇಶದಲ್ಲಿ ಮೊದಲಿನ ಅಂಬಾಸಡರ್ ಕಾರುಗಳಿಗೆ ನಾಲ್ಕು ಚಕ್ರಗಳಲ್ಲಿಯೂ ಡ್ರಮ್ಮೇ ಇದ್ದಿತು. ಈಗಿನ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ತಟ್ಟೆಯಿರುವುದೇ ಸಾಮಾನ್ಯ ಪದ್ಧತಿಯಾಗಿದೆ.

ಈ ತಟ್ಟೆಯು ಎರಕದ ಕಬ್ಬಿಣದ್ದು. ನಡುವೆ ಟೋಪಿಯಂತೆ ಉಬ್ಬಿರುವುದು. ಆ ಉಬ್ಬು ಚಕ್ರದ ಹಬ್ ಎಂಬ ಗುಂಬದ ಮೇಲೆ ಸರಿಯಾಗಿ ಕೂರುವುದು. ಅದರ ಮೇಲೆ ಚಕ್ರವನ್ನಿಟ್ಟು ನಟ್ಟುಗಳನ್ನು ಬಿಗಿಯುತ್ತಾರೆ. ತಟ್ಟೆಯ ಅಂಚನ್ನು ಕ್ಯಾಲಿಪರ್ ಎಂಬ ಇಕ್ಕುಳವು ಎರಡು ಕಡೆಗಳಿಂದಲೂ ಆವರಿಸಿಕೊಂಡಿರುವುದು. ಕಾಲಿನಿಂದ ಪೆಡಲನ್ನು ಒತ್ತಿದಾಗ ಇಕ್ಕುಳದೊಳಗಿನ ಎರಡು ಪ್ಯಾಡುಗಳು ತಟ್ಟೆಯನ್ನು ಅದುಮುವುವು; ವೇಗವು ಉಷ್ಣವಾಗಿ ಪರಿಣಮಿಸುವುದು; ಕಾರು ನಿಲ್ಲುವುದು.

ಕಚ್ಚಿಕೊಳ್ಳಲು ಕಾರಣ

ತಟ್ಟೆಯು ಸವೆಯುವ ವಸ್ತು. ಅದು ಎಷ್ಟು ತೆಳುವಾಗುವವರೆಗೆ ಉಪಯೋಗಕ್ಕೆ ಅರ್ಹವೆಂಬುದನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಉದಾಹರಣೆಗೆ, ಹೊಸದರಲ್ಲಿ 22 ಮಿಲ್ಲಿಮೀಟರು ದಪ್ಪವಿದ್ದ ತಟ್ಟೆಗೆ 20 ಮಿಲ್ಲಿಮೀಟರು ಕೊನೆಯ ಮಿತಿಯಾಗಿರಬಹುದು. ಮಿತಿ ಮೀರಿ ಸವೆದುದನ್ನು ಬದಲಿಸಲೇಬೇಕು. ಆಗ ಇಕ್ಕುಳವನ್ನು ಬಿಚ್ಚಿದೊಡನೆ ತಟ್ಟೆಯು ಕೈಗೆ ಬರಬೇಕಾದುದು ನ್ಯಾಯ. ಆದರೆ ನಮ್ಮ ಕರಾವಳಿಯಲ್ಲಿ ಹಾಗೆ ಬರುವುದು ಅಪರೂಪ.

ಇದಕ್ಕೆ ತುಕ್ಕೇ ಕಾರಣ. ಅಮರಕೋಶದಲ್ಲಿ ಕಬ್ಬಿಣದ ಮಲಕ್ಕೆ ಮಂಡೂರವೆಂಬ ಹೆಸರಿದೆ. ವೈದ್ಯರು ಅದರಿಂದಲೇ ಮಂಡೂರಭಸ್ಮವನ್ನು ಮಾಡುತ್ತಾರೆ. ಔಷಧದಲ್ಲಿ ಉಪಕಾರಿಯಾದ ಈ ವಸ್ತುವು ಯಂತ್ರದಲ್ಲಿ ಶತ್ರುವಾಗುವುದು. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಮಿಕ್ಕಿ ಸ್ಥಳವನ್ನು ಆಕ್ರಮಿಸುವುದು. ಹಬ್ಬಿಗೂ ತಟ್ಟೆಗೂ ನಡುವೆ ಕೂದಲೆಳೆಯಷ್ಟೇ ಸಂದು ಇರುವುದರಿಂದ, ಅಲ್ಲಿ ಹುಟ್ಟಿದ ತುಕ್ಕು ಊದಿಕೊಂಡು ಬೆಣೆ ಬಡಿದಂತೆ ಎರಡನ್ನೂ ಒಂದುಮಾಡಿಬಿಡುವುದು. ಪ್ಯಾಡು ಉಜ್ಜುವ ಮೈಮೇಲಿನ ತುಕ್ಕು ನಾಲ್ಕು ಸಲ ಬ್ರೇಕು ಹಾಕಿದರೆ ತಾನಾಗಿಯೇ ಹೋಗುವುದು. ಒಳಸಂದಿನದು ಹಾಗೆ ಹೋಗುವಂತಿಲ್ಲ. ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರು ಮಳೆ ಬೀಳುವ ಉಡುಪಿಯಂತಹ ಊರಿನಲ್ಲಿ, ಸಮುದ್ರದ ಉಪ್ಪುಗಾಳಿಯೂ ಸೇರಿದ ಮೇಲೆ, ಆಷಾಢದಿಂದ ನವರಾತ್ರಿಯವರೆಗೆ ಅಂಗಳದಲ್ಲಿ ನಿಂತ ಕಾರಿನ ಗತಿಯನ್ನು ವಾಚಕರೇ ಊಹಿಸಬಹುದು.

ಮೊದಲು ಪ್ರಾಣರಕ್ಷಣೆ

ಕೆಲಸಕ್ಕೆ ಕೈಯಿಕ್ಕುವ ಮೊದಲು ಗಮನಿಸತಕ್ಕ ಕೆಲವು ನಿಯಮಗಳಿವೆ. ಇವುಗಳಲ್ಲಿ ಯಾವುದೊಂದನ್ನೂ ಉಪೇಕ್ಷಿಸಕೂಡದು.

ಕಾರನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನೆಲದಲ್ಲಿಯೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡೆ ಕೊಡತಕ್ಕದ್ದು. ಚಕ್ರದ ನಟ್ಟುಗಳನ್ನು ಕಾರನ್ನೆತ್ತುವ ಮೊದಲೇ ಸ್ವಲ್ಪ ಸಡಿಲಿಸಬೇಕು. ಮಳೆ ನೆನೆದ ಮಣ್ಣಿನ ಅಂಗಳದಲ್ಲಿ ಜಾಕಿಯು ಮೆಲ್ಲನೆ ಹೂತುಹೋಗುವುದರಿಂದ ಅಂತಹ ಸ್ಥಳದಲ್ಲಿ ಈ ಕೆಲಸ ಬೇಡವೇ ಬೇಡ. ಜಾಕಿಯು ಎತ್ತುವುದಕ್ಕೆ ಮಾತ್ರವೇ ಹೊರತು ಹೊರುವುದಕ್ಕಲ್ಲ. ಎತ್ತಿದ ಕೂಡಲೆ ಕಬ್ಬಿಣದ ಸ್ಟ್ಯಾಂಡನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಜಾಗಕ್ಕೆ ಕೊಟ್ಟು ಭಾರವನ್ನು ಅದರ ಮೇಲೆ ಇಳಿಸತಕ್ಕದ್ದು. ಕೆಲವರು ಕೆಂಪುಕಲ್ಲನ್ನೋ ಇಟ್ಟಿಗೆಯನ್ನೋ ಪೇರಿಸುತ್ತಾರೆ. ಅವು ಭಾರಕ್ಕೆ ಒಮ್ಮೆಲೆ ಸಿಡಿದು ಪುಡಿಯಾಗುವ ಸ್ವಭಾವದವು. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿದರೆ ಅದು ಇನ್ನೊಂದು ಕಾವಲು. ಮಕ್ಕಳನ್ನು ದೂರವಿರಿಸಬೇಕು. ಕಣ್ಣಿಗೆ ಕನ್ನಡಕ ಬೇಕೇಬೇಕು. ಎರಕದ ಕಬ್ಬಿಣದ ಚೂರುಗಳು ಸಿಡಿಯುವುವು. ಬ್ರೇಕಿನ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಅದನ್ನು ಊದಬಾರದು; ಒದ್ದೆಬಟ್ಟೆಯಿಂದ ಒರಸಬೇಕು.

ಅನಂತರ ಇಕ್ಕುಳದ ಎರಡು ಬೋಲ್ಟುಗಳನ್ನು ಪಾನಾದಿಂದ ಬಿಚ್ಚಿ, ಇಕ್ಕುಳವನ್ನು ತಂತಿಯಿಂದ ಮೇಲಿನ ಸ್ಪ್ರಿಂಗಿಗೆ ಕಟ್ಟಿ ತೂಗಿಬಿಡಬೇಕು. ಅದನ್ನು ರಬ್ಬರಿನ ಕೊಳವೆಯಿಂದಲೇ ಜೋತಾಡಿಸಿದರೆ ಕೊಳವೆಯು ಒಳಗೊಳಗೇ ಹರಿದು ಮುಂದೆ ಅನರ್ಥಕ್ಕೆ ಕಾರಣವಾಗುವುದು. ಪ್ಯಾಡುಗಳನ್ನು ತೆಗೆದು, ಇಕ್ಕುಳವನ್ನು ಹಿಡಿದಿರುವ ಚೌಕಟ್ಟಿನ ಎರಡು ದೊಡ್ಡ ಬೋಲ್ಟುಗಳನ್ನೂ ಹಿಂದಿನಿಂದ ಬಿಚ್ಚಿದರೆ ತಟ್ಟೆಯೊಂದೇ ಉಳಿಯುವುದು.

ಚತುರುಪಾಯಗಳು

ರಾಜನೀತಿಯಲ್ಲಿ ಶತ್ರುವಿನ ವಿಷಯವಾಗಿ ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳನ್ನು ಹೇಳಿದೆ. ಇಲ್ಲಿಯೂ ಅದೇ ಕ್ರಮವು ಸಲ್ಲುವುದು. ಮೊದಲೇ ದಂಡಕ್ಕೆ ಕೈಹಾಕುವವನು ಕಾರ್ಯವನ್ನು ಕೆಡಿಸುವನು.

ಸಾಮವೆಂದರೆ ಪ್ರತಿಬಂಧಕಗಳನ್ನು ನೋಡಿ ತೆಗೆಯುವುದು. ಕೆಲವು ಕಾರುಗಳಲ್ಲಿ ತಟ್ಟೆಯನ್ನು ಹಬ್ಬಿಗೆ ಹಿಡಿಸಿದ ಒಂದೆರಡು ಚಿಕ್ಕ ಸ್ಕ್ರೂಗಳಿರುವುವು. ಇದನ್ನು ನೋಡದೆ ದಿನವಿಡೀ ಬಡಿದರೂ ಫಲವಿಲ್ಲ. ಅವುಗಳ ತಲೆ ಮೆತ್ತಗಿರುವುದರಿಂದ, ಸುತ್ತಿಗೆಯಿಂದ ಹೊಡೆದೊಡನೆ ತಾನಾಗಿ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರನ್ನು ಉಪಯೋಗಿಸತಕ್ಕದ್ದು. ಹಿಂದಿನ ಚಕ್ರವಾದರೆ ಕೈಬ್ರೇಕನ್ನು ಸಡಿಲಿಸಬೇಕು. ಏತಕ್ಕೆಂದರೆ ಕೆಲವು ತಟ್ಟೆಗಳ ಉಬ್ಬಿನೊಳಗೆ ಕೈಬ್ರೇಕಿನ ಪಟ್ಟಿಗಳು ಅಡಗಿರುವುವು. ಬೇರಿಂಗು ಸಹಿತವಾಗಿ ಒಂದೇ ತುಂಡಾಗಿರುವ ತಟ್ಟೆಗಳೂ ಉಂಟು. ಅವುಗಳನ್ನು ಬಡಿದು ತೆಗೆಯುವಂತಿಲ್ಲ; ಅಂತಹವು ಕಂಡುಬಂದರೆ ಅಲ್ಲಿಗೇ ನಿಲ್ಲಿಸತಕ್ಕದ್ದು. ಪ್ರತಿಬಂಧಕವಾವುದೂ ಇಲ್ಲವೆಂದಾದ ಮೇಲೆ ತಂತಿಯ ಬ್ರಷ್ಷಿನಿಂದ ಸಂದುಗಳ ತುಕ್ಕನ್ನು ಕೆರೆದು, ಮರದ ಕೊಡತಿಯಿಂದ ಸುತ್ತಲೂ ಮೆಲ್ಲನೆ ತಟ್ಟಿ ನೋಡಬೇಕು.

ದಾನವೆಂದರೆ ಎಣ್ಣೆ ಕೊಡುವುದು. ತೆಂಗಿನೆಣ್ಣೆ, ಹರಳೆಣ್ಣೆಗಳು ಮಂದವಾದ್ದರಿಂದ ಸಂದಿನೊಳಕ್ಕೆ ಇಳಿಯಲಾರವು. ತುಕ್ಕು ಬಿಡಿಸುವುದಕ್ಕೆಂದೇ ಮಾಡಿದ ತೆಳುವಾದ ಎಣ್ಣೆಯನ್ನು ಹಬ್ಬಿನ ನಡುಗುಂಬದ ಸುತ್ತಲೂ, ಬೋಲ್ಟುಗಳ ಬುಡದಲ್ಲಿಯೂ ಹಾಕಿ ಕನಿಷ್ಠ ಅರ್ಧ ಗಂಟೆ ಕಾಯಬೇಕು. ರಾತ್ರಿಯಿಡೀ ಬಿಟ್ಟರೆ ಮತ್ತೂ ಉತ್ತಮ. ಪೇಟೆಯಲ್ಲಿ ಸಿಕ್ಕುವ ಡಬ್ಲ್ಯು.ಡಿ. 40 ಎಂಬುದು 1953ರಲ್ಲಿ ಅಮೆರಿಕದಲ್ಲಿ ನೀರನ್ನು ಹೊರದೂಡುವುದಕ್ಕಾಗಿ ಹುಟ್ಟಿದ ದ್ರವ. ಹೆಸರಿನಲ್ಲಿರುವ 40 ಎಂಬುದು ನಲವತ್ತನೆಯ ಪ್ರಯತ್ನದಲ್ಲಿ ಅದು ಸಿದ್ಧಿಸಿತೆಂಬುದರ ಗುರುತು. ಅದು ಹಗುರಾದ ತುಕ್ಕಿಗೆ ಸಾಕು; ಬಲವಾದುದಕ್ಕೆ ಪೆನಿಟ್ರೇಟಿಂಗ್ ಆಯಿಲ್ ಎಂದೇ ಕೇಳಿ ತರಬೇಕು. ಎಣ್ಣೆಯು ಪ್ಯಾಡಿಗೆ ತಗಲಿದರೆ ಆ ಪ್ಯಾಡು ಕೆಟ್ಟಿತೆಂದೇ ತಿಳಿಯಬೇಕು.

ಭೇದವು ಎಲ್ಲಕ್ಕಿಂತ ಸೊಗಸಾದ ಉಪಾಯ. ಅನೇಕ ತಟ್ಟೆಗಳ ಉಬ್ಬಿನಲ್ಲಿ, ಚಕ್ರದ ಬೋಲ್ಟುಗಳ ನಡುವೆ, ಮರೆಯುಳ್ಳ ಎರಡು ಚಿಕ್ಕ ರಂಧ್ರಗಳಿರುವುವು. ಇವು ಏತಕ್ಕೆಂದು ಬಹುಜನರಿಗೆ ತಿಳಿಯದು. ತಟ್ಟೆಯನ್ನು ಬಿಡಿಸುವುದಕ್ಕಾಗಿಯೇ ಇವನ್ನು ಮಾಡಿದೆ. ಸಾಮಾನ್ಯವಾಗಿ 8 ಮಿಲ್ಲಿಮೀಟರಿನ, 1.25 ಮರೆಯ ಬೋಲ್ಟುಗಳು ಇವಕ್ಕೆ ಹೊಂದುವುವು. ಎರಡನ್ನೂ ಕೈಯಿಂದ ಸೇರಿಸಿ, ಆಮೇಲೆ ಪಾನಾದಿಂದ ಇದನ್ನು ಕಾಲು ಸುತ್ತು, ಅದನ್ನು ಕಾಲು ಸುತ್ತು, ಹೀಗೆ ಸಮವಾಗಿ ತಿರುಗಿಸುತ್ತ ಬರಬೇಕು. ಬೋಲ್ಟಿನ ತುದಿಯು ಹಬ್ಬನ್ನು ಒತ್ತಿ ತಟ್ಟೆಯನ್ನು ಹೊರಕ್ಕೆ ದೂಡುವುದು. ಬಿಗಿ ಹೆಚ್ಚಾದಾಗ ನಿಲ್ಲಿಸಿ, ಎಣ್ಣೆ ಕೊಟ್ಟು, ಕೊಡತಿಯಿಂದ ತಟ್ಟಿ, ಮತ್ತೆ ಮುಂದುವರಿಸತಕ್ಕದ್ದು. ಒಂದೇ ಬೋಲ್ಟನ್ನು ಬಲಾತ್ಕಾರದಿಂದ ತಿರುಗಿಸಿದರೆ ಅದು ಮುರಿಯುವುದು. ರಂಧ್ರಗಳಿಲ್ಲದ ತಟ್ಟೆಗೆ ಮೂರು ಕಾಲಿನ ಪುಲ್ಲರ್ ಬೇಕಾಗುವುದು.

ಇದಕ್ಕೆ ದೃಷ್ಟಾಂತವಾಗಿ ನಾವು ಕಣ್ಣಾರೆ ಕಂಡುದೊಂದನ್ನು ಹೇಳಬಹುದು. ನಮ್ಮ ನೆರೆಯ ಗೃಹಸ್ಥರ ಮಗನು ಮಸ್ಕತ್ತಿನಲ್ಲಿರುವುದರಿಂದ ಕಾರು ಮಳೆಗಾಲವಿಡೀ ಅಂಗಳದಲ್ಲಿಯೇ ನಿಂತಿದ್ದಿತು. ಅಷ್ಟರಲ್ಲಿ ಅವರ ವೃದ್ಧ ತಾಯಿಯನ್ನು ರಕ್ತಶುದ್ಧಿಯ ಚಿಕಿತ್ಸೆಗಾಗಿ ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕಾದ ಸಂದರ್ಭವು ಒದಗಿತು. ಬ್ರೇಕಿನ ತಟ್ಟೆಗಳು ಮಿತಿ ಮೀರಿ ಸವೆದಿದ್ದುವು. ಕಾರ್ಖಾನೆಯಲ್ಲಿ ಐದು ದಿನ ತಡವೆಂದರು. ಗೃಹಸ್ಥರು ಆತುರದಿಂದ ಹಾರೆಯನ್ನೇ ತಂದು ಮೀಟಲು ಹೊರಟರು. ಅಲ್ಲಿಗೆ ಬಂದಿದ್ದ ಹಳೆಯ ಮೆಕ್ಯಾನಿಕರೊಬ್ಬರು ಅವರ ಕೈಹಿಡಿದು, ನಮ್ಮ ಕಡೆಗೆ ತಿರುಗಿ, “ಮಾಷ್ಟ್ರೇ, ಇವರಿಗೆ ನೀವಾದರೂ ಹೇಳಿ. ಪೆಟ್ಟಿಗಿಂತ ಎಣ್ಣೆ ದೊಡ್ಡದು, ಎಣ್ಣೆಗಿಂತ ಹೊತ್ತು ದೊಡ್ಡದು” ಎಂದರು. ಎಡದ ತಟ್ಟೆಯು ಆ ಸಂಜೆಯೇ ಎರಡು ಬೋಲ್ಟುಗಳಿಗೆ ಸೋತು ಬಂದಿತು. ಬಲದ್ದು ಹಠಮಾರಿ, ರಾತ್ರಿಯಿಡೀ ಎಣ್ಣೆ ಕುಡಿದು, ಬೆಳಿಗ್ಗೆ ನಾಲ್ಕನೆಯ ಸುತ್ತಿಗೆ ‘ಟಣ್’ ಎಂದು ಸದ್ದುಮಾಡಿ ಬಿಟ್ಟುಕೊಂಡಿತು. ಮೂರನೆಯ ದಿನ ಆ ತಾಯಿಯು ಆಸ್ಪತ್ರೆಗೆ ಹೋಗಿ ಸುಖವಾಗಿ ಮರಳಿದರು.

ದಂಡವು ಕೊನೆಯದು. ಮರಳಿ ಉಪಯೋಗಿಸಬೇಕೆಂದಿರುವ ತಟ್ಟೆಗೆ ಕಬ್ಬಿಣದ ಸುತ್ತಿಗೆಯು ಸಲ್ಲದು. ಎರಕದ ಕಬ್ಬಿಣವು ಬಾಗದೆ ಸೀಳುವುದು. ಎಸೆಯತಕ್ಕದ್ದಾದರೆ, ಸುಮಾರು ಒಂದು ಕಿಲೋ ತೂಕದ ಸುತ್ತಿಗೆಯಿಂದ ಉಬ್ಬಿನ ಮೇಲೆ, ಬೋಲ್ಟುಗಳ ನಡುನಡುವೆ, ತಟ್ಟೆಯನ್ನು ತಿರುಗಿಸುತ್ತ ಹೊಡೆಯಬಹುದು. ಬೋಲ್ಟುಗಳ ಮರೆಗೆ ಪೆಟ್ಟು ತಗಲಕೂಡದು. ಅತಿಯಾಗಿ ಹೊಡೆದರೆ ಚಕ್ರದ ಬೇರಿಂಗಿಗೆ ಹಾನಿ. ಆಗ ಗಾಡಿ ಓಡುವಾಗಲೆಲ್ಲ ಗುಂಯ್ಗುಡುವ ಸದ್ದು ಕೇಳುವುದು. ಎರಡು ನಟ್ಟುಗಳನ್ನು ತುದಿಯಲ್ಲಿ ಸ್ವಲ್ಪ ಸೇರಿಸಿಟ್ಟರೆ, ತಟ್ಟೆಯು ಒಮ್ಮೆಲೆ ಕಳಚಿ ಕಾಲಿನ ಮೇಲೆ ಬೀಳದು. ಬೆಂಕಿಯ ಜ್ವಾಲೆಯಿಂದ ಕಾಯಿಸುವ ಕ್ರಮವೂ ಉಂಟು. ಆದರೆ ಹತ್ತಿರದಲ್ಲಿಯೇ ಎಣ್ಣೆ, ಗ್ರೀಸು, ರಬ್ಬರುಗಳಿರುವುದರಿಂದ ಅದು ಗೃಹಸ್ಥರ ಕೆಲಸವಲ್ಲ. ನಾಲ್ಕು ಉಪಾಯಗಳಿಗೂ ಬಗ್ಗದುದನ್ನು ಪರಿಣತರಿಗೆ ಒಪ್ಪಿಸುವುದೇ ವಿವೇಕ.

ಮರಳಿ ಜೋಡಿಸುವಾಗ

ತಟ್ಟೆ ಬಂದಿತೆಂದು ಸಂತೋಷಪಟ್ಟು ಹೊಸದನ್ನು ಹಾಗೆಯೇ ಕೂರಿಸಬಾರದು. ಹಬ್ಬಿನ ಮುಖದ ಮೇಲಿನ ತುಕ್ಕನ್ನು ತಂತಿಯ ಬ್ರಷ್ಷು, ಎಮರಿ ಕಾಗದಗಳಿಂದ ಲೋಹವು ಹೊಳೆಯುವವರೆಗೆ ಉಜ್ಜಬೇಕು. ಒಂದು ಹಕ್ಕಳೆ ಉಳಿದರೂ ತಟ್ಟೆಯು ಓರೆಯಾಗಿ ಕೂತು, ಬ್ರೇಕು ಹಾಕಿದಾಗ ಸ್ಟಿಯರಿಂಗು ನಡುಗುವುದು. ಮಿಲ್ಲಿಮೀಟರಿನ ಹತ್ತರಲ್ಲೊಂದು ಭಾಗದ ಓರೆಯೂ ಕೈಗೆ ತಿಳಿಯಬಲ್ಲುದು. ನಡುಗುಂಬಕ್ಕೆ ಆಂಟಿಸೀಜ್ ಎಂಬ ಲೇಪವನ್ನು ಬಹು ತೆಳ್ಳಗೆ ಸವರಿದರೆ ಮುಂದಿನ ಸಲ ಈ ಕಷ್ಟವಿಲ್ಲ. ಚಕ್ರದ ಬೋಲ್ಟಿನ ಮರೆಗೆ ಮಾತ್ರ ಅದನ್ನು ತಗಲಿಸಕೂಡದು. ಹೊಸ ತಟ್ಟೆಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ; ಅದನ್ನು ಬ್ರೇಕ್ ಕ್ಲೀನರ್ ಎಂಬ ದ್ರಾವಣದಿಂದ ತೊಳೆಯಬೇಕು. ತಟ್ಟೆ ಪ್ಯಾಡುಗಳನ್ನು ಎಡಬಲಗಳೆರಡಕ್ಕೂ ಒಟ್ಟಿಗೆ ಬದಲಿಸತಕ್ಕದ್ದು. ಬೋಲ್ಟು ನಟ್ಟುಗಳ ಬಿಗಿಯನ್ನು ಕೈಪಿಡಿಯಲ್ಲಿರುವ ಅಳತೆಯಂತೆ ಟಾರ್ಕ್ ಪಾನಾದಿಂದ ನೋಡಬೇಕು.

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೊಸ ಪ್ಯಾಡು ಹಾಕುವಾಗ ಇಕ್ಕುಳದ ಪಿಸ್ಟನನ್ನು ಹಿಂದಕ್ಕೆ ಒತ್ತಿರುತ್ತೇವಷ್ಟೆ. ಆದಕಾರಣ ಮೊದಲ ಸಲ ಪೆಡಲನ್ನು ಒತ್ತಿದಾಗ ಅದು ನೆಲದವರೆಗೆ ಹೋಗುವುದು, ಬ್ರೇಕು ಹಿಡಿಯದು. ಕಾರನ್ನು ಕದಲಿಸುವ ಮೊದಲೇ ಪೆಡಲು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ, ಬ್ರೇಕಿನ ದ್ರವದ ಮಟ್ಟವನ್ನು ನೋಡಿ, ಬಳಿಕ ಮನೆಯ ಮುಂದೆಯೇ ನಡಿಗೆಯ ವೇಗದಲ್ಲಿ ಓಡಿಸಿ ಪರೀಕ್ಷಿಸಬೇಕು. ಇದನ್ನು ಮರೆತವನ ಕಾರು ಮೊದಲ ತಿರುವಿನಲ್ಲಿಯೇ ಗೋಡೆಯನ್ನು ಹುಡುಕುವುದು. ಮೊದಲ ಕೆಲವು ದಿನ ಕಠಿನವಾಗಿ ಬ್ರೇಕು ಹಾಕದೆ ತಟ್ಟೆ ಪ್ಯಾಡುಗಳು ಒಂದಕ್ಕೊಂದು ಹೊಂದಿಕೊಳ್ಳಲು ಬಿಡಬೇಕು.

ಕಾರನ್ನು ಬಹುಕಾಲ ನಿಲ್ಲಿಸುವವರು ವಾರಕ್ಕೊಮ್ಮೆಯಾದರೂ ಓಡಿಸಿ ಬ್ರೇಕು ಕಾಯುವಂತೆ ಮಾಡಿದರೆ ಸಂದಿನ ನೀರು ಆರುವುದು. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಚಕ್ರವನ್ನು ಕಳಚಿ ತಟ್ಟೆಯನ್ನು ಅಲುಗಿಸಿ ನೋಡುವುದು ಉತ್ತಮ. ಆಯುಧಪೂಜೆಯ ದಿನ ಕಾರಿಗೆ ಹೂವಿನ ಮಾಲೆ ಹಾಕುವುದು ನಮ್ಮಲ್ಲಿ ರೂಢಿಯಷ್ಟೆ. ಅದಕ್ಕೆ ಮುಂಚಿನ ದಿನ ಈ ಸೇವೆಯೂ ನಡೆದರೆ ಪೂಜೆಯು ಸಾಂಗವಾಗುವುದೆಂದು ನಮ್ಮ ಅಭಿಪ್ರಾಯ.