ವಿದ್ಯುತ್ ಕಾರಿನ ದುರಸ್ತಿಯಲ್ಲಿ ಹತ್ತು ನಿಮಿಷ

ನಿಲ್ಲಿಸಿದ ಕಾರು ನಿರಪಾಯಕಾರಿಯೆಂಬುದು ಪೆಟ್ರೋಲ್ ವಾಹನಗಳಿಂದ ನಮಗೆ ಬಂದಿರುವ ನಂಬಿಕೆ. ವಿದ್ಯುತ್ ಕಾರಿನ ವಿಷಯದಲ್ಲಿ ಅದು ಪ್ರಾಣಕ್ಕೇ ಎರವಾದೀತು. 2010ರಲ್ಲಿ ಮಾರಾಟಕ್ಕೆ ಬಂದ ನಿಸ್ಸಾನ್ ಲೀಫ್ ಕಾರನ್ನು ನೋಡೋಣ. ಅದರ ಬ್ಯಾಟರಿಯ 192 ಕೋಶಗಳು ಸುಮಾರು 360 ವೋಲ್ಟುಗಳ ಏಕಮುಖ ವಿದ್ಯುತ್ತನ್ನು ಒದಗಿಸುತ್ತಿದ್ದವು. ಇನ್ವರ್ಟರ್ ಅದನ್ನು ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಿ ಮೋಟಾರಿಗೆ ಕೊಡುತ್ತಿತ್ತು. ಈ ಇನ್ವರ್ಟರಿನೊಳಗಿನ ಧಾರಕಗಳು ಬ್ಯಾಟರಿಯ ಸಂಪರ್ಕ ತಪ್ಪಿದ ಮೇಲೂ ಕೆಲಕಾಲ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ.

ಆದುದರಿಂದ ತಂತ್ರಜ್ಞನು ಕಾರನ್ನು ಆರಿಸಿ, ನಿರೋಧಕ ಕೈಗವಸು ತೊಟ್ಟು, ಸರ್ವಿಸ್ ಪ್ಲಗ್ಗನ್ನು ಕಳಚಿ, ಮತ್ತಾರೂ ಜೋಡಿಸದಂತೆ ತನ್ನ ಜೇಬಿನಲ್ಲಿಯೇ ಇಟ್ಟುಕೊಂಡು ಕನಿಷ್ಠ 10 ನಿಮಿಷ ಕಾಯಬೇಕು. ಅನಂತರವೂ ಮಾಪಕದಿಂದ ಪರೀಕ್ಷಿಸದೆ ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟಲಾಗದು. ಸೊನ್ನೆ ತೋರಿಸಿದ ಮಾಪಕವೇ ಕೆಟ್ಟಿರಬಹುದಲ್ಲವೆ? ಮೊದಲಿಗೂ ಕಡೆಗೂ ಅದನ್ನು ಗೊತ್ತಿರುವ ವೋಲ್ಟೇಜಿನ ಮೇಲೆ ಒರೆಹಚ್ಚಿಕೊಳ್ಳಬೇಕು. ಬ್ಯಾಟರಿಯ ಮಾತು ಬೇರೆ: ಪ್ಲಗ್ ಕಳಚಿದರೆ ಅದರ ಕೋಶಗಳ ಸರಣಿ ತುಂಡಾಗುತ್ತದೆಯೇ ಹೊರತು ಕೋಶಗಳು ಬರಿದಾಗುವುದಿಲ್ಲ.